ಇಲ್ಲವೆಂದು ಪ್ರಮಾಣ ಮಾಡಿದ ಹದಿನಾಲ್ಕು ಕುರ್ಚಿಗಳು

ತೀರ್ಪು ಜಾರಿ ವಿಚಾರಣಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ, ಕಳೆದ ತಿಂಗಳು ನಿಮ್ಮೆದುರು ಒಬ್ಬ ಕಂಪನಿ ನಿರ್ದೇಶಕರು ಪ್ರಮಾಣ ಮಾಡಿ ಸುಳ್ಳು ಹೇಳಿದರು. ನೀವು ಅದನ್ನು ಒಂದಕ್ಷರ ತಪ್ಪದಂತೆ ಅಚ್ಚುಕಟ್ಟಾಗಿ ಬರೆದುಕೊಂಡಿರಿ. ಸುಳ್ಳು ಹೇಳುವುದು ಅವರ ಕಸುಬು, ಬಿಡಿ. ನನ್ನ ದೂರು ಬರೆದುಕೊಂಡ ಕೈಯ ಮೇಲೆ. ಈ ತಿಂಗಳ ಕೊನೆಗೆ ‘ಆಸ್ತಿ ಇಲ್ಲ’ ಎಂಬ ಷರಾ ಹಾಕಿ ನಮ್ಮ ಕಡತವನ್ನು ಮುಚ್ಚುವಿರಂತೆ. ನಮ್ಮ ಪರವಾದ ತೀರ್ಪಿನ ಪ್ರತಿ ನೋಡಿ ಬಾಡಿಗೆಗೆ ಇಷ್ಟು ದಿನ ಕಾದ ಅಂಗಡಿ ಕಟ್ಟಡದ ಮಾಲೀಕರು, ನೀವು ಕಡತ ಮುಚ್ಚಿದ ಮರುದಿನ ನಮ್ಮ ಬಾಗಿಲಿಗೆ ಬೀಗ ಹಾಕುವುದಾಗಿ ಹೇಳಿದ್ದಾರೆ.

ನಾನು ಕುರ್ಚಿ, ಸೋಫಾಗಳಿಗೆ ಸ್ಪಂಜು ಕೂರಿಸಿ ಬಟ್ಟೆ ಹೊದಿಸುವವನು. ಅಂಗಡಿ ಅಣ್ಣನದು, ಕಲಿಸಿದವನೂ ಅವನೇ. ಆ ಕಂಪನಿಯ ಸಭಾಕೊಠಡಿಗೆಂದು ಹದಿನಾಲ್ಕು ಕುರ್ಚಿ ಮಾಡಿಕೊಟ್ಟೆವು. ದುಡ್ಡು ಕೇಳಿದರೆ ‘ಮುಂದಿನ ವಾರ’ ಎಂದರು. ಮುಂದಿನ ವಾರಗಳೆಲ್ಲ ಸೇರಿ ಮೂರು ವರ್ಷವಾಯಿತು. ಕೊನೆಗೆ ನ್ಯಾಯಾಲಯ ನಮ್ಮ ಪರವಾಗಿ ತೀರ್ಪು ಕೊಟ್ಟಿತು. ಆ ದಿನ ಅಣ್ಣ ಎಲ್ಲರಿಗೂ ಟೀ ಕುಡಿಸಿದ, ಅದೂ ಸಾಲ ಹೇಳಿ. ತೀರ್ಪು ಕೈಗೆ ಬಂತು, ದುಡ್ಡು ಬರಲಿಲ್ಲ. ಅಣ್ಣ ಹಾಸಿಗೆ ಹಿಡಿದ. ನಿಮ್ಮ ಕಚೇರಿಗೆ ಅಲೆದು ನಾನು ವಾಪಸಾದಾಗಲೆಲ್ಲ, ಗೋಡೆ ಕಡೆ ತಿರುಗಿ ಮಲಗಿದವನು “ಏನಂದ್ರೋ?” ಎಂದು ಕೇಳುತ್ತಿದ್ದ. ಅವನು ಹೋಗಿ ಒಂಬತ್ತು ತಿಂಗಳಾಯಿತು. ಇವತ್ತಿಗೂ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ಒಳಗಿನಿಂದ “ಏನಂದ್ರೋ?” ಎಂದು ಕೇಳಿಸುತ್ತದೆ. ನನಗೆ ತಲೆ ಕೆಟ್ಟಿಲ್ಲ ಸ್ವಾಮಿ. ಭಯವಾಗುತ್ತದೆ, ಅಷ್ಟೇ. ಮೊದಲು ರೇಡಿಯೋ ಹಾಕಿ, ಆಮೇಲೆ ಒಳಗೆ ಕಾಲಿಡುತ್ತೇನೆ.

ಇನ್ನು ಆ ವಿಚಾರಣೆಯ ವೈಭವ. ನಿಮ್ಮ ಕೈಯಲ್ಲಿ ಅಚ್ಚಾದ ಪ್ರಶ್ನಾವಳಿ. “ಕಂಪನಿಗೆ ಪೀಠೋಪಕರಣ ಇದೆಯಾ?” ಎಂದಿರಿ. “ಇಲ್ಲ. ಹಳೇದೆಲ್ಲ ಮುರಿದು ಕಸಕ್ಕೆ ಹೋಯ್ತು” ಎಂದರು. “ಬೇರೆ ಕಂಪನೀಲಿ ಹುದ್ದೆ?” “ಯಾವುದೂ ಇಲ್ಲ.” “ಈ ಬಾಕಿ ಯಾರಿಗೆ?” “ಯಾರೋ ಕೆಲಸದವ್ರಿಗೆ. ಹೆಸರು ನೆನಪಿಲ್ಲ.” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಕಾಲ ಹೋಯಿತು, ಈಗಿನವರು ಕುಡಿಯಲು ನೀರು ಕೇಳುತ್ತಾರೆ. ನೀವೇ ತರಿಸಿಕೊಟ್ಟಿರಿ. ನಾನು ಎದ್ದು “ಸಾರ್, ಒಂದು ಮಾತು” ಎಂದೆ. “ಪ್ರಶ್ನೆ ಇದ್ರೆ ಮೊದಲೇ ಬರೆದು ಕೊಡಬೇಕಿತ್ತು ಕಣಪ್ಪ” ಎಂದಿರಿ. ಅವರು ಹೇಳಲಿರುವ ಸುಳ್ಳು ಯಾವುದೆಂದು ನನಗೆ ಮೊದಲೇ ತಿಳಿಯಲು ನಾನೇನು ಜ್ಯೋತಿಷಿಯೇ? ‘ಇಲ್ಲ’ ಎಂದವನನ್ನು ‘ಯಾವಾಗ ಹೋಯಿತು, ಯಾರು ಒಯ್ದರು’ ಎಂದು ಕೇಳುವುದಕ್ಕೆ ಯಾವ ಕಾನೂನು ಅಡ್ಡ ಬರುತ್ತದೆ? ಹನ್ನೆರಡು ನಿಮಿಷದಲ್ಲಿ ಎಲ್ಲ ಮುಗಿಯಿತು. ಮೂರು ವರ್ಷ ಕಾದು ಪಡೆದ ತೀರ್ಪಿಗೆ ಹನ್ನೆರಡು ನಿಮಿಷ!

ಮರುವಾರ, ಇನ್ನೊಮ್ಮೆ ಕೈಮುಗಿದು ಕೇಳೋಣವೆಂದು ಆ ಕಂಪನಿಯ ಕಟ್ಟಡಕ್ಕೆ ಹೋದೆ. ಹಳೆಯ ಕಚೇರಿಗೆ ಬೀಗ. ಒಂದು ಮಹಡಿ ಮೇಲೆ ಬೇರೆ ಹೆಸರಿನ ಫಲಕ, ಹೊಸ ಬಣ್ಣದ ವಾಸನೆ. ಕಾಯಲು ಕೂರಿಸಿದರು. ಕೂತ ಕೂಡಲೇ ಕೈ ಅಭ್ಯಾಸಬಲದಿಂದ ಕುರ್ಚಿಯ ಅಡಿಗೆ ಹೋಯಿತು. ಅಣ್ಣ ಎಡಚ. ಅವನ ಹೊಲಿಗೆ ನಮ್ಮೆಲ್ಲರದಕ್ಕೆ ಎದುರು ದಿಕ್ಕಿಗೆ ಓರೆ ಬೀಳುತ್ತಿತ್ತು. ಬೆರಳಿಗೆ ಅದೇ ಓರೆ ಸಿಕ್ಕಿತು. ಅವನೇ ನನ್ನ ಕೈ ಹಿಡಿದಂತಾಯಿತು. ಎಣಿಸಿದೆ: ಹದಿನಾಲ್ಕೂ ಅಲ್ಲೇ ಇದ್ದವು.

ಬುದ್ಧಿ ಇದ್ದವನಾಗಿದ್ದರೆ ಫೋಟೊ ತೆಗೆದುಕೊಂಡು ಸದ್ದಿಲ್ಲದೆ ಇಳಿದು ಬರುತ್ತಿದ್ದ. ನಾನು? ಒಂದು ಕುರ್ಚಿಯ ಅಂಚಿನಲ್ಲಿ ಹೊಲಿಗೆ ಬಿಟ್ಟಿತ್ತು. ಅದನ್ನು ನೋಡಿಯೂ ಸುಮ್ಮನಿರಲು ಆಗಲಿಲ್ಲ. ಜೇಬಿನ ಬಾಗಿದ ಸೂಜಿ ತೆಗೆದು, ಕುರ್ಚಿ ಮಗುಚಿ ಹಾಕಿ, ನೆಲದ ಮೇಲೆ ಕೂತು ಹೊಲಿಯತೊಡಗಿದೆ. ದುಡ್ಡು ಕೊಡದವನ ಕುರ್ಚಿಗೆ ಬಿಟ್ಟಿ ರಿಪೇರಿ! ಅಣ್ಣನ ದಾರ ಕತ್ತರಿಸಲು ಮನಸ್ಸು ಬಾರದೆ ಅದರ ಪಕ್ಕದಲ್ಲೇ ನನ್ನದು ಹಾಕಿದೆ. ಕಾವಲುಗಾರ ಓಡಿ ಬಂದ. “ಏಯ್, ಏನ್ ಮಾಡ್ತಿದ್ದೀಯ?” “ಹೊಲಿಗೆ ಬಿಟ್ಟಿತ್ತು ಕಣಣ್ಣ.” “ನಿಂಗ್ಯಾರು ಹೇಳಿದ್ರು ಹೊಲಿ ಅಂತ?” ನನಗೆ ಅಳು ಬಂದುಬಿಟ್ಟಿತು. ಅವನು ನನ್ನ ಪಕ್ಕದಲ್ಲೇ ನಿಂತುಕೊಂಡ.

ಆ ಹೊಸ ಫಲಕದ ಕಂಪನಿಯವರು ಪೊಲೀಸರಿಗೆ ನನ್ನ ಮೇಲೆ ದೂರು ಕೊಟ್ಟರು. ‘ನಮ್ಮ ಸಂಸ್ಥೆಗೆ ಸೇರಿದ ಹದಿನಾಲ್ಕು ಕುರ್ಚಿಗಳ ಪೈಕಿ ಒಂದಕ್ಕೆ ಹಾನಿ ಮಾಡಿರುತ್ತಾನೆ.’ ಕೆಳಗೆ ಸಹಿ, ಸಹಿಯ ಕೆಳಗೆ ‘ವ್ಯವಸ್ಥಾಪಕ ನಿರ್ದೇಶಕ’ ಎಂಬ ಮೊಹರು. ಅದೇ ಮಹಾಶಯರು! ನಿಮ್ಮ ಮುಂದೆ ಕುರ್ಚಿಯೂ ಇಲ್ಲ, ಹುದ್ದೆಯೂ ಇಲ್ಲ. ಪೊಲೀಸರ ಮುಂದೆ ಎರಡೂ ಉಂಟು. ದೂರಿನ ಪ್ರತಿಯನ್ನು ನಿಮ್ಮ ಕಚೇರಿಗೆ ತಂದೆ. “ವಿಚಾರಣೆ ಮುಗಿದ್ಹೋಗಿದೆ, ಇದನ್ನ ತಗೊಳ್ಳೋಕೆ ಬರಲ್ಲ” ಎಂದು ಗುಮಾಸ್ತರು ಕಿಟಕಿಯಿಂದಲೇ ಹಿಂದಕ್ಕೆ ತಳ್ಳಿದರು. ಆದ್ದರಿಂದ ಇಲ್ಲಿ ಪತ್ರಿಕೆಯಲ್ಲಿ, ಎಲ್ಲರೂ ಓದುವಲ್ಲಿ ಬರೆಯುತ್ತಿದ್ದೇನೆ.

ಕಡತ ಮುಚ್ಚುವ ಮೊದಲು ಅವರನ್ನು ಮತ್ತೆ ಕರೆಸಿ. ನಿಮ್ಮೆದುರಿನ ಹೇಳಿಕೆಯ ಸಹಿ, ಪೊಲೀಸ್ ದೂರಿನ ಸಹಿ ಎರಡನ್ನೂ ಅಕ್ಕಪಕ್ಕ ಇಟ್ಟು, ಪ್ರಮಾಣ ಮಾಡಿಸಿ, ಉತ್ತರ ಬರುವ ತನಕ ಕೇಳಿ. ಜೊತೆಗೆ, ಆ ಕುರ್ಚಿಗಳನ್ನು ಮಾಡಿದವನ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ. ಇದು ನಿಮ್ಮ ಪ್ರಶ್ನಾವಳಿಯಲ್ಲಿಲ್ಲ, ಬಲ್ಲೆ. ಆದರೆ ವಿಚಾರಣೆಯ ದಿನ ಸಂಜೆ ಅತ್ತಿಗೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದರು: “ನಿಮ್ಮಣ್ಣನ ಹೆಸರು ಎತ್ತಿದ್ರೇನಪ್ಪಾ?” ನಾನು ಅವರ ಮುಖ ನೋಡಿದೆ. “ಎತ್ತಿದ್ರು ಅತ್ತಿಗೆ. ಅಂಥಾ ಕೆಲಸಗಾರ ಸಿಗೋದಿಲ್ಲ, ತಪ್ಪಾಯ್ತು ಅಂದ್ರು” ಎಂದುಬಿಟ್ಟೆ. ಅತ್ತಿಗೆ ಅದನ್ನು ಈಗ ದಿನಾ ಖಾಲಿ ಮಂಚದ ಪಕ್ಕ ಕೂತು ಅಣ್ಣನಿಗೆ ಹೇಳುತ್ತಾರೆ. ಗೋಡೆಯ ಈಚೆ ಮಲಗಿದ ನನಗೆ ಪ್ರತಿ ಮಾತೂ ಕೇಳಿಸುತ್ತದೆ. ದಯಮಾಡಿ, ಅದನ್ನು ನಿಜ ಮಾಡಿಕೊಡಿ.

ಇಂತಿ,
ತೀರ್ಪು ಗೆದ್ದೂ ಮನೆಗೆ ಹೋಗಲು ಅಂಜುವ,
ಒಬ್ಬ ಕುರ್ಚಿ ಹೊಲಿಯುವವನು