ಅತ್ತೆ ಮಡಚಿದ ಸ್ವೆಟರ್

ಮಂಗಳವಾರ, ಹದಿನಾರು.

ಆ ನೀಲಿ ಸ್ವೆಟರ್ ಕಣ್ಣಿಂದ ಹೋಗುತ್ತಿಲ್ಲ.

ನಮ್ಮ ಗೋದಾಮಿಗೆ ಬರುವುದೆಲ್ಲ ಜನ ಫೋನಿನಲ್ಲಿ ತರಿಸಿ, ಬೇಡವೆಂದು ವಾಪಸು ಕಳಿಸಿದ ಬಟ್ಟೆ. ಅದನ್ನು ನೋಡಿ, ಮಡಚಿ, ಮತ್ತೆ ಮಾರುವುದಕ್ಕಿಂತ ಹೊಸದು ಮಾಡಿಸುವುದೇ ಅಗ್ಗವಂತೆ. ಅದಕ್ಕೇ ಯಾರೂ ತೊಡದ ಹಾಗೆ ಕತ್ತರಿಸಿ ಕಸದ ಲಾರಿಗೆ ಹಾಕುತ್ತೇವೆ. ಅದು ಸುಡುವ ಹೊಗೆ ಸಂಜೆ ನಮ್ಮ ಕಿಟಕಿಗೇ ಬರುತ್ತದೆ.

ಇವತ್ತು ಒಂದು ಪೊಟ್ಟಣ ಬಿಚ್ಚಿದರೆ, ತೋಳು ಒಳಗೆ ಮಡಚಿ ಕುತ್ತಿಗೆಯೊಳಗೆ ಹಳೇ ಪೇಪರ್ ಇಟ್ಟ ನೀಲಿ ಸ್ವೆಟರ್. ನಮ್ಮ ಬೀರುವಿನಲ್ಲಿ ಅತ್ತೆ ಇಡುವುದು ಹೀಗೆಯೇ. ಪೊಟ್ಟಣದ ಮೇಲೆ ಅವರದೇ ಹೆಸರು. ಮೇಲ್ವಿಚಾರಕ ಪಕ್ಕದಲ್ಲೇ ನಿಂತಿದ್ದ. ಕತ್ತರಿಸಿದೆ.

ಊಟಕ್ಕೆ ಕೂತಾಗ, “ಆ ನೀಲಿ ಸ್ವೆಟರ್ ಏನಾಯ್ತು ಅತ್ತೆ?” ಎಂದು ಕೇಳಿದೆ.

“ಬಿಗಿ ಆಯ್ತಮ್ಮ, ವಾಪಸ್ ಕಳಿಸ್ದೆ. ಮುಂದೆ ಹಾಕ್ಕೊಳ್ಳೋರಿಗೆ ಹೊಸದರ ಹಾಗೇ ಇರ್ಲಿ ಅಂತ ಇಸ್ತ್ರಿ ಮಾಡಿಯೇ ಕಳಿಸ್ದೆ.”

ಮಂಡಿನೋವಿನಿಂದ ಹೊರಗೆ ಹೋಗಲಾಗದ ಅವರಿಗೆ ಫೋನೇ ಪೇಟೆ. ಅವರನ್ನು ಯಾವ ಬಾಯಿಂದ ಬೈಯಲಿ?

“ಯಾರೋ ಪುಣ್ಯವಂತರಿಗೆ ಸಿಕ್ಕಿರುತ್ತೆ ಬಿಡಿ,” ಎಂದೆ. ಅವರ ಮುಖ ಅರಳಿತು.

ಈಗ ಪಕ್ಕದ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆಯ ಸದ್ದು. ನಿನ್ನೆ ಬಂದ ಶಾಲೂ ಹಿಡಿಸಲಿಲ್ಲವಂತೆ. ಒಂದು ಸುಕ್ಕೂ ಉಳಿಯಬಾರದೆಂದು ಉಜ್ಜುತ್ತಲೇ ಇದ್ದಾರೆ.