ದೊರೆಗೊಂದು ಜೊತೆ

ಮನೆಯಿಂದ,
ಜೂನ್ ೧೪, ಭಾನುವಾರ

ಪ್ರೀತಿಯ ರೀ,

ಹೀಗೆ ಶುರು ಮಾಡಿದರೆ ನೀವು ನಗುತ್ತೀರಿ ಎಂದು ಗೊತ್ತು, ನಗಲಿ ಎಂದೇ ಬರೆದೆ. ಹೇಗಿದ್ದೀರಿ? ಹಡಗಿನ ಅಡುಗೆಮನೆಯಲ್ಲಿ ಎಣ್ಣೆ ಸಿಡಿದು ಕೈ ಸುಟ್ಟುಕೊಂಡಿದ್ದು ವಾಸಿಯಾಯಿತೇ? ಹಡಗಿನವರಿಗೆಲ್ಲ ಬಡಿಸುವ ಭರದಲ್ಲಿ ನಿಮ್ಮ ಊಟ ತಣ್ಣಗಾಗಲು ಬಿಡಬೇಡಿ. ನಾನು ಚೆನ್ನಾಗಿದ್ದೇನೆ. ಕನ್ನಡಕದಂಗಡಿಯಲ್ಲಿ ದಿನವಿಡೀ ಬೇರೆಯವರ ಕಣ್ಣು ನೋಡಿ ನೋಡಿ ಸಂಜೆಯ ಹೊತ್ತಿಗೆ ನನ್ನ ಕಣ್ಣೇ ಉರಿಯುತ್ತದೆ, ಅಷ್ಟೇ. ನಿಮ್ಮಮ್ಮನ ಮಂಡಿನೋವು ಈಗ ಕಡಿಮೆ. ಕಿವಿ ಮಂದವಾಗಿದೆ ಎಂದು ಅತ್ತೆಯೇ ಹೇಳುತ್ತಾರೆ, ಆದರೆ ಪಕ್ಕದ ಮನೆಯ ಜಗಳ ಒಂದಕ್ಷರ ಬಿಡದೆ ಕೇಳಿಸುತ್ತದೆ. ಫೋನಿನಲ್ಲಿ ಇದನ್ನೆಲ್ಲ ಹೇಳುವ ಹಾಗಿಲ್ಲ. ನೀವು ಫೋನ್ ಮಾಡಿದಾಗ ಅವರು ನನ್ನ ಭುಜಕ್ಕೆ ಅಂಟಿಕೊಂಡೇ ನಿಂತಿರುತ್ತಾರೆ. ಅದಕ್ಕೇ ಈ ಕಾಗದ.

ಮನಸ್ಸಿನಲ್ಲಿ ಕೊರೆಯುತ್ತಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಾಳೆ. ಅಕ್ಕ ಹೋಗಿ ನೋಡಿಕೊಳ್ಳುತ್ತಿದ್ದಾಳೆ, ಆದರೆ ಅವಳಿಗೆ ಇನ್ನು ರಜೆ ಸಿಗುವುದಿಲ್ಲ. ಅಮ್ಮನನ್ನು ಇನ್ನು ಒಂಟಿಯಾಗಿ ಬಿಡಲು ನನಗೆ ಮನಸ್ಸಿಲ್ಲ. ಇಲ್ಲಿಗೇ ಕರೆತರಬೇಕು, ಬಂದರೆ ಮತ್ತೆ ಕಳಿಸಬಾರದು. ಆದರೆ ಅತ್ತೆಯ ಮುಂದೆ ನಿಂತರೆ ನನ್ನ ಬಾಯಿಗೆ ಬೀಗ ಬೀಳುತ್ತದೆ. ಹೋದ ಸಲ ಅಮ್ಮ ಬಂದಾಗ ಏನಾಯಿತೆಂದು ನಿಮಗೆ ನೆನಪಿದೆಯಲ್ಲ? ಗೊತ್ತಿಲ್ಲದೆ ಕಿಟಕಿ ಪಕ್ಕದ ಅತ್ತೆಯ ಕುರ್ಚಿಯಲ್ಲಿ ಕೂತಳು. ಅತ್ತೆ ಏಳಿ ಎನ್ನಲಿಲ್ಲ. “ಕೂತ್ಕೊಳಿ ಬೀಗಿತ್ತಿ, ನಂಗೇನು, ನಾನು ನಿಂತೇ ಇರ್ತೀನಿ” ಎಂದು ಕತ್ತಲಾಗುವವರೆಗೂ ಎದುರಿಗೇ ನಿಂತಿದ್ದರು. ಮಾರನೆಯ ದಿನವೇ ಅಮ್ಮ ಚೀಲ ಕಟ್ಟಿದಳು.

ಇನ್ನು ನಿಮ್ಮ ಮೀನಿನ ವಿಷಯ. ದೊರೆ ಕ್ಷೇಮ. ನೀವು ಹೋದಾಗ ಅಂಗೈಯಷ್ಟಿದ್ದ ಆಸ್ಕರ್ ಮೀನು ಈಗ ಊಟದ ತಟ್ಟೆಯಷ್ಟಾಗಿದೆ. ಗಾಜಿನ ಮುಂದೆ ಯಾರು ಹಾದುಹೋದರೂ ಬಾಡಿಗೆ ಕೇಳಲು ಬಂದವನ ಹಾಗೆ ನೋಡುತ್ತದೆ. ಕಾಲಿಲ್ಲದಿದ್ದರೂ ಕಾಲು ಕೆರೆದುಕೊಂಡು ಜಗಳಕ್ಕೆ ಹೋಗುವ ಪ್ರಾಣಿ ಇದೊಂದೇ ಇರಬೇಕು. ಒಂಟಿಯಾಗಿ ಬೇಜಾರಾಗುತ್ತದೇನೋ, ಜೊತೆಗೆ ಯಾವುದಾದರೂ ತಾ ಎಂದು ನೀವು ಬರೆದಿದ್ದಿರಿ. ನಾನು ಚೆಂದಕ್ಕೆ ಮರುಳಾಗಿ ಮಿಣಿಮಿಣಿ ಮಿಂಚುವ ಪುಟ್ಟ ಮೀನುಗಳನ್ನು ತಂದುಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿಯಲ್ಲಿ ದೊರೆ ಒಬ್ಬನೇ, ಹೊಟ್ಟೆ ದುಂಡಗೆ. “ಜೊತೆ ಅಂತ ತಂದ್ಯೋ, ತಿಂಡಿ ಅಂತ ತಂದ್ಯೋ?” ಎಂದು ಅತ್ತೆ ವಾರವಿಡೀ ನನ್ನ ಮಾನ ಕಳೆದರು. ಆಮೇಲೆ, ಈ ಸಲ ನಿನ್ನ ಆಯ್ಕೆ ನಂಬುವ ಹಾಗಿಲ್ಲ ಎಂದು ತಾವೇ ಚಪ್ಪಲಿ ಮೆಟ್ಟಿ ನನ್ನ ಜೊತೆ ಮೀನಂಗಡಿಗೆ ಹೊರಟರು.

ಅಂಗಡಿಯಾಕೆ ಗಟ್ಟಿ ದನಿಯ ಹೆಂಗಸು. ನೀವು ಆಸೆಪಟ್ಟ ಬೆಳ್ಳಿ ಬಣ್ಣದ ಅರೊವಾನಾ ಮೀನನ್ನು ಕೇಳಿದ ಕೂಡಲೇ ಬೇಡ ಎಂದಳು. ಅದು ಬೆಳೆದರೆ ನಮ್ಮ ತೊಟ್ಟಿಯಲ್ಲಿ ತಿರುಗುವುದಕ್ಕೂ ಜಾಗ ಸಾಲದಂತೆ, ಮುಚ್ಚಳ ಮರೆತ ದಿನ ಹಾರಿ ನೆಲಕ್ಕೆ ಬೀಳುತ್ತದಂತೆ. ಹಾಗಾದರೆ ಇನ್ನೊಂದು ಆಸ್ಕರ್ ಕೊಡಿ ಎಂದೆ. “ಇಷ್ಟು ಜಾಗದಲ್ಲಿ ಇಬ್ಬರು ಯಜಮಾನರೇನಮ್ಮಾ?” ಎಂದಳು. ಆ ಮಾತಿಗೆ ನಾನು ಅತ್ತೆಯ ಮುಖ ನೋಡದೆ ನೆಲ ನೋಡಿದೆ. ಕೊನೆಗೆ ಆಕೆ ಆರಿಸಿ ಕೊಟ್ಟದ್ದು ಒಂದು ದೊಡ್ಡ ಸಕ್ಕರ್ ಮೀನು. ದೊರೆಯ ಬಾಯಿಗೆ ಹಿಡಿಯದ ಗಾತ್ರ, ಮೈಮೇಲೆ ಕಚ್ಚಿದರೆ ಹಲ್ಲಿಗೇ ನೋವಾಗುವಂಥ ಒರಟು ಚಿಪ್ಪು, ಇರುವುದು ತಳದಲ್ಲಿ, ಗಾಜಿಗೆ ಬಾಯಿ ಅಂಟಿಸಿಕೊಂಡು ತನ್ನ ಪಾಡಿಗೆ ತಾನು. ನೋಡಲು ಕೆಸರಿನ ಮುದ್ದೆ. ಅತ್ತೆಗಂತೂ ಕಂಡ ಕೂಡಲೇ ಹಿಡಿಸಿತು.

ಹೊರಡುವಾಗ ಆಕೆ ಇನ್ನೊಂದು ಮಾತು ಹೇಳಿದಳು. ಹೊಸ ಮೀನನ್ನು ಸುಮ್ಮನೆ ಬಿಡಬೇಡಿ, ಮೊದಲು ತೊಟ್ಟಿಯ ಕಲ್ಲು, ಕೊರಡು ಎಲ್ಲವನ್ನೂ ಜರುಗಿಸಿ ಬೇರೆ ಕಡೆ ಇಡಿ ಎಂದು. ಇದ್ದದ್ದು ಇದ್ದಲ್ಲೇ ಇದ್ದರೆ ಹಳೆಯದು ಇದೆಲ್ಲ ನನ್ನದು ಎಂದು ಮೈಮೇಲೆ ಹೋಗುತ್ತದೆ. ಜರುಗಿಸಿಬಿಟ್ಟರೆ ಅದಕ್ಕೂ ಜಾಗ ಹೊಸದು, ಬಂದದ್ದಕ್ಕೂ ಹೊಸದು. ಅತ್ತೆ ಇದನ್ನು ಅವಳ ಬಾಯಿಂದ ಎರಡೆರಡು ಸಲ ಹೇಳಿಸಿಕೊಂಡರು. ಕಿವಿ ಕೇಳಿಸಲಿಲ್ಲವೇನೋ ಅಂದುಕೊಂಡೆ. ಮನೆಗೆ ಬಂದು ರವಿಕೆಯ ತೋಳು ಮೇಲೇರಿಸಿ, ನೀರಿಗೆ ಕೈ ಹಾಕಿ, ತಾವೇ ಒಂದೊಂದು ಕಲ್ಲನ್ನೂ ಎತ್ತಿಟ್ಟರು. ದೊರೆಗೆ ಅವಮಾನವಾಗಿ ಒಂದು ಮೂಲೆಯಲ್ಲಿ ಮಗ್ಗುಲಾಗಿ ಮಲಗಿಬಿಟ್ಟಿತು. ಸತ್ತೇಹೋಯಿತು ಎಂದು ನಾನು ಕಿರುಚಿಕೊಂಡರೆ, “ಸತ್ತಿಲ್ಲ ಕಣೇ, ಮುನಿಸ್ಕೊಂಡಿದೆ, ನನಗೆ ಗೊತ್ತಾಗಲ್ವಾ?” ಎಂದು ಅತ್ತೆ ನಕ್ಕರು. ಮುನಿಸು ತೀರಿ ಎದ್ದ ದೊರೆ ಸಕ್ಕರ್ ಮೀನಿಗೆ ಒಮ್ಮೆ ಮೂತಿ ತಿವಿದು ನೋಡಿತು, ಅದು ಅಲ್ಲಾಡಲಿಲ್ಲ. ಈಗ ಇದು ಮೇಲೆ, ಅದು ಕೆಳಗೆ, ಜಗಳವಿಲ್ಲ.

ನಿಮ್ಮಿಂದ ಒಂದು ಉಪಕಾರವಾಗಬೇಕು. ನನ್ನಮ್ಮನ ವಿಷಯ ನೀವೇ ಅತ್ತೆಗೆ ಒಂದು ಮಾತು ಬರೆಯಿರಿ. ಮಗ ಹೇಳಿದರೆ ಅವರು ತೆಗೆದುಹಾಕುವುದಿಲ್ಲ. ಅಕ್ಕನ ಜೊತೆ ಫೋನಿನಲ್ಲಿ ದಿನವೂ ಪಿಸುಪಿಸು ಮಾತಾಡಿ ನನಗೆ ಸಾಕಾಗಿದೆ. ಬಿಸಿ ಎಣ್ಣೆಯ ಹತ್ತಿರ ಹುಷಾರು. ನಿಮ್ಮ ಜೊತೆಯವರಿಗೆಲ್ಲ ನನ್ನ ನಮಸ್ಕಾರ. ಅತ್ತೆ ನಿಮಗೆ ಕಳಿಸುವ ಆಶೀರ್ವಾದ ಯಾವಾಗಲೂ ಇದ್ದದ್ದೇ, ಕೇಳದೆಯೇ ಬರೆದಿದ್ದೇನೆ.

ನಿಮ್ಮ
‘ಇವಳೇ’

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಒಳಗೆ ದರದರ ಸದ್ದು. ಓಡಿಹೋಗಿ ನೋಡಿದರೆ ಅತ್ತೆ ಸೆರಗು ಸಿಕ್ಕಿಸಿಕೊಂಡು ತಮ್ಮ ಮಂಚ ಎಳೆಯುತ್ತಿದ್ದಾರೆ! ಬೀರು ಆಗಲೇ ಎದುರು ಗೋಡೆಗೆ ಹೋಗಿದೆ. ಅವರ ಕುರ್ಚಿ ನಡುಮನೆಗೆ ಬಂದಿದೆ, ಕಿಟಕಿಯ ಪಕ್ಕದಲ್ಲಿ ಈಗ ಚಪ್ಪಲಿ ಗೂಡು. ಏನತ್ತೆ ಇದು ಎಂದರೆ, “ಕಲ್ಲು ಜರುಗಿಸ್ತಿದ್ದೀನಿ, ಕಾಣಲ್ವಾ? ನೀನು ಪಿಸುಗುಟ್ಟಿದ್ರೆ ನಂಗೆ ಕೇಳಲ್ಲ ಅಂದ್ಕೊಂಡ್ಯಾ? ನಿಮ್ಮಮ್ಮನ್ನ ಕರ್ಕೊಂಡು ಬಾ. ದೊರೆ ಯಾರು, ಸಕ್ಕರ್ ಯಾರು ಅಂತ ನಾವಿಬ್ಬರೂ ಆಮೇಲೆ ನೋಡ್ಕೋತೀವಿ” ಎಂದರು. ಇನ್ನು ನೀವು ಅತ್ತೆಗೆ ಏನೂ ಬರೆಯಬೇಡಿ. ನನಗೆ ಅಳು ತಡೆಯಲಾಗಲಿಲ್ಲ. “ಅಳೋದು ಆಮೇಲೆ, ಮೊದಲು ಆ ತುದಿ ಹಿಡ್ಕೋ” ಎಂದು ಗದರುತ್ತಿದ್ದಾರೆ. ಮಂಚ ಬಾಗಿಲಲ್ಲೇ ಸಿಕ್ಕಿಕೊಂಡಿದೆ, ಹೋಗುತ್ತೇನೆ.