ಹೊಸ್ತಿಲ ಮರಕ್ಕೆ ಗರಗಸ

ರೀ,

ಹೆಸರು ಬರೆಯಲು ಈಗಲೂ ಕೈ ಬರುವುದಿಲ್ಲ. ಬದುಕಿದ್ದಾಗ ಕೂಗಿದ ಹಾಗೆಯೇ ಕೂಗುತ್ತಿದ್ದೇನೆ. ನೀವು ಹೋದ ಮೇಲೆ ಎರಡು ಯುಗಾದಿ ಕಳೆದವು. ಶೆಡ್ಡಿನ ಬೀಗ ನಾನೇ ತೆಗೆಯುತ್ತೇನೆ, ನಾನೇ ಹಾಕುತ್ತೇನೆ. ಜಗಳ ಆಡಲು ಒಬ್ಬರೂ ಇಲ್ಲ. ಒಂದು ವಿಷಯ ಹೇಳಬೇಕಿತ್ತು.

ಮೊದಲ ಹೊಸ್ತಿಲು ಬಂದ ದಿನ ನೆನಪಿದೆಯಾ? ರಾಜಾಜಿನಗರದಲ್ಲಿ ಯಾವುದೋ ಹಳೇ ಮನೆ ಒಡೆದಿದ್ದರು. ಒಡೆದ ಮನೆಗಳ ಮರ ತಂದು, ಮೊಳೆ ಕಿತ್ತು, ಮಂಚ ಮೇಜು ಮಾಡುವುದೇ ನಮ್ಮ ಕಾಮಾಕ್ಷಿಪಾಳ್ಯದ ಶೆಡ್ಡಿನ ಕಸುಬಲ್ಲವೇ? ಬಾಗಿಲು ಕಿಟಕಿಗಳ ಜೊತೆ ಅದೂ ಗಾಡಿಯಿಂದ ಇಳಿಯಿತು. ನೀವು ತಟ್ಟಿ ನೋಡಿ, "ಹೊನ್ನೆ ಕಣೇ, ಕಬ್ಬಿಣ ಇದ್ದಂಗಿದೆ" ಅಂದಿರಿ. ನನಗೆ ಕಂಡದ್ದು ಅದರ ಗೆರೆಗಳಲ್ಲಿ ಕೂತಿದ್ದ ಅರಿಸಿನ ಕುಂಕುಮ. "ಯಾರೋ ಮುತ್ತೈದೆ ದಿನಾ ಪೂಜೆ ಮಾಡಿದ ಮರ. ಇದನ್ನ ಕೊಯ್ದು ಸ್ಟೂಲ್ ಮಾಡ್ತೀರಾ? ಜನ ಇದರ ಮೇಲೆ ಕೂತ್ಕೋಬೇಕಾ? ಗರಗಸ ಮುಟ್ಟಿಸಿದ್ರೆ ನಾನು ಶೆಡ್ಡಿಗೆ ಕಾಲಿಡಲ್ಲ" ಅಂದೆ. ನೀವು ನಕ್ಕಿರಿ. "ಆಯ್ತು ಬಿಡಮ್ಮ, ಲಕ್ಷ್ಮಿ ಮುಂದೆ ನಾನ್ಯಾವ ಸೀಮೆ ದೊಣ್ಣೆನಾಯಕ" ಅಂತ ಹಿಂದಿನ ಗೋಡೆಗೆ ಒರಗಿಸಿದಿರಿ. ಆಮೇಲೆ ಬಂದ ಹೊಸ್ತಿಲುಗಳೆಲ್ಲ ಅಲ್ಲಿಗೇ ಹೋದವು. ಪ್ರತಿ ಆಯುಧಪೂಜೆಗೆ ಶೆಡ್ಡು ಗುಡಿಸುವಾಗ, "ಏನಂತಾಳೆ ನಿನ್ನ ಲಕ್ಷ್ಮಿ? ಮನಸ್ಸು ಕರಗಿತಾ?" ಅಂತ ಕೇಳುತ್ತಿದ್ದಿರಿ. ನಾನು ಮುಖ ತಿರುಗಿಸುತ್ತಿದ್ದೆ. ಒಂದು ಸಲವಾದರೂ ಹೂಂ ಅಂದಿದ್ದರೆ...

ಹೋದ ತಿಂಗಳು ಶ್ವೇತಾ ಅಂತ ಒಬ್ಬ ಹುಡುಗಿ ಬಂದಳು. ನಮ್ಮ ಸಾಮಾನು ಕೊಳ್ಳುವ ವಿಜಯನಗರದ ಅಂಗಡಿಯವರೇ ಕಳಿಸಿದ್ದು. ಇನ್ನು ಮೇಲೆ ಅವರು ಹೇಳುವ ಪರೀಕ್ಷೆಯಲ್ಲಿ ಪಾಸಾದ ಶೆಡ್ಡಿಗೆ ಮಾತ್ರ ಕೆಲಸವಂತೆ. "ಸುಸ್ಥಿರತೆ ನೋಡೋಕೆ ಬಂದಿದೀನಿ ಆಂಟಿ" ಅಂದಳು. "ಹಂಗಂದ್ರೇನವ್ವ?" ಅಂದೆ. "ನೀವು ಮಾಡೋ ಕೆಲಸದಿಂದ ನಾಳೆ ಬರೋರಿಗೂ ಮರ ಉಳಿಯುತ್ತಾ, ಗಾಳಿ ಉಳಿಯುತ್ತಾ ಅಂತ ನೋಡೋದು" ಅಂದಳು. ನೀವಿದ್ದಿದ್ದರೆ ಅವಳಿಗೆ ಟೀ ತರಿಸಿ ಗಂಟೆಗಟ್ಟಲೆ ಮಾತಾಡುತ್ತಿದ್ದಿರಿ. ನಾನು ಸುಮ್ಮನೆ ಹಿಂದೆ ಹಿಂದೆ ಓಡಾಡಿದೆ. ಮರದ ಹೊಟ್ಟನ್ನು ರಸ್ತೆ ಪಕ್ಕ ಸುಡಬೇಡಿ ಅಂದಳು, ಒಪ್ಪಿದೆ. ನಮ್ಮ ಕೆಲಸದ ಬಸಣ್ಣ, ಅದೇ ಗದಗಿನ ಕಡೆಯವನು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಮರ ಉಜ್ಜುತ್ತಿದ್ದ. ಅವನಿಗೆ ಸರಿಯಾದ ಮಾಸ್ಕ್ ಕೊಡಿಸಿ ಅಂದಳು, ಅದಕ್ಕೂ ಒಪ್ಪಿದೆ. ಹಳೇ ಮರ ಬಳಸುತ್ತೀರಲ್ಲ ಅಂತ ಖುಷಿಪಟ್ಟಳು. ಅಷ್ಟರಲ್ಲಿ ಹಿಂದಿನ ಗೋಡೆಯ ಹೊಸ್ತಿಲುಗಳಿಗೆ ಹೊದಿಸಿದ್ದ ಟಾರ್ಪಾಲು ಎತ್ತಿದಳು.

"ಆಂಟಿ, ಇಡೀ ಶೆಡ್ಡಲ್ಲಿ ಇದೇ ಒಳ್ಳೇ ಮರ. ಯಾಕೆ ಹಿಂಗೆ ಗೆದ್ದಲಿಗೆ ಬಿಟ್ಟಿದೀರಾ?"

"ಹೊಸ್ತಿಲು ಕಣವ್ವ. ಕೊಯ್ಯಬಾರದು."

"ಸರಿ. ಮತ್ತೆ ಆ ಕಡೆ ಹೊಸ ತೇಗದ ಹಲಗೆ ಇದೆಯಲ್ಲ, ಅದು ಯಾಕೆ ತಂದ್ರಿ?"

ಗಟ್ಟಿ ಮರ ಸಾಲದೆ ತಂದೆವು ಅಂದೆ. ಅಂದಮೇಲೆ ನನ್ನ ಮಾತು ನನಗೇ ಕೇಳಿಸಿತು. ಇಲ್ಲಿ ಮಲಗಿದ್ದನ್ನು ಮುಟ್ಟಬಾರದು ಅಂತ ಎಲ್ಲೋ ನಿಂತಿದ್ದನ್ನು ಕಡಿಸಿದ್ದೆ. ಆ ಮರದಲ್ಲಿ ದೇವರು ಇರಲಿಲ್ಲವಾ? ಅವಳು ಒಂದು ಹೊಸ್ತಿಲಿಗೆ ಪೆನ್ನು ಒತ್ತಿದಳು, ಬೆಣ್ಣೆಗೆ ಹೋದ ಹಾಗೆ ಒಳಗೆ ಹೋಯಿತು. ಎರಡು ತಿಂಗಳಲ್ಲಿ ಈ ರಾಶಿ ಕೆಲಸಕ್ಕೆ ಬರದಿದ್ದರೆ ನಿಮ್ಮನ್ನು ಪಾಸು ಮಾಡಲಾರೆ ಅಂದಳು. ಬಸಣ್ಣ ಅವತ್ತು ಊಟದ ಡಬ್ಬಿ ಬಿಚ್ಚಲೇ ಇಲ್ಲ.

ಮಾರನೇ ದಿನ ಬೆಳಿಗ್ಗೆ ಆಂಜನೇಯನ ಗುಡಿಗೆ ಹೋದೆ. ಪ್ರದಕ್ಷಿಣೆ ಮುಗಿಸಿ ಅರ್ಚಕರನ್ನು ಕೇಳಿದೆ. ಅವರು ಹೂವು ಬಿಡಿಸುತ್ತಾ ತಲೆ ಕೂಡ ಎತ್ತಲಿಲ್ಲ. "ಮನೇಲಿ ಇದ್ದಾಗ ಹೊಸ್ತಿಲಮ್ಮ. ಕಿತ್ತ ಮೇಲೆ ಮರ. ಆ ಮನೆಯವರು ಹೊಸ ಹೊಸ್ತಿಲಿಗೆ ಪೂಜೆ ಮಾಡ್ಕೊಂಡಿರ್ತಾರೆ. ಒಂದು ನಮಸ್ಕಾರ ಹಾಕಿ ಕೊಯ್ಸಿ. ಇಷ್ಟು ದಿನ ಯಾಕೆ ಕೇಳಲಿಲ್ಲ?" ಅಷ್ಟೇ, ರೀ. ಅಷ್ಟೇ ಮಾತು. ವರ್ಷಗಟ್ಟಲೆ ಪ್ರತಿ ಶನಿವಾರ ಆ ಗುಡಿಗೆ ಹೋಗಿದ್ದೇನೆ. ನಿಮ್ಮ ಮೊಣಕಾಲು ನೋವಿಗೆ ಹರಕೆ ಹೊತ್ತೆ, ಮಳೆಗೆ ಹೊತ್ತೆ. ಇದೊಂದನ್ನು ಕೇಳಬೇಕು ಅಂತ ಯಾಕೆ ತೋಚಲಿಲ್ಲ? ನನಗೇ ಎಲ್ಲ ಗೊತ್ತು ಅಂತಿದ್ದೆನಾ? ವಾಪಸು ಬರುವಾಗ, ನೀವು ಹೇಳಿದ್ದೇ ಸರಿ ಅಂತ ಯಾರಿಗೆ ಹೇಳಲಿ ಅಂತ ನೋಡಿದೆ. ಮಾಗಡಿ ರಸ್ತೆ ತುಂಬ ಜನ...

ಶ್ವೇತಾ ಮತ್ತೆ ಬಂದಾಗ ಫಾರ್ಮಿನಲ್ಲಿ ಒಂದು ಸಾಲು ಬಾಕಿ ಇತ್ತು: ಮರ ವ್ಯರ್ಥವಾಗಿದ್ದಕ್ಕೆ ಕಾರಣ. "ಇಡೋಕೆ ಜಾಗ ಇರಲಿಲ್ಲ ಅಂತ ಬರೀತೀನಿ ಆಂಟಿ, ನಿಮಗೂ ಒಳ್ಳೇದು" ಅಂದಳು. ಬೇಡ ಅಂದೆ. ಪೆನ್ನು ಈಸಿಕೊಂಡು, ನಮ್ಮೂರ ಶಾಲೆಯಲ್ಲಿ ಕಲಿತ ಗುಂಡು ಅಕ್ಷರದಲ್ಲಿ ನಾನೇ ಬರೆದೆ: ಹೆಂಡತಿ ಬೇಡ ಅಂದಳು, ಯಜಮಾನರು ಅವಳ ಮಾತು ಮೀರಲಿಲ್ಲ. ಹುಡುಗಿ ಓದಿ, ಕನ್ನಡಕ ತೆಗೆದು ಒರೆಸಿಕೊಂಡಳು. ಅದನ್ನು ಹಾಗೇ ಬಿಟ್ಟಳು.

ಬಸಣ್ಣ ಮೊದಲ ಹೊಸ್ತಿಲನ್ನು ಕೊಯ್ಯುವ ಮಿಷನ್ನಿಗೆ ಇಟ್ಟು ನನ್ನನ್ನೇ ನೋಡಿದ. "ಅಕ್ಕಾರ, ಖರೇನ ಕೊಯ್ಯೂದೇನ್ರಿ? ಆಮ್ಯಾಲ ನನ್ನ ಬೈಬ್ಯಾಡ್ರಿ ಮತ್ತ." ನಾನು ಕೈ ಮುಗಿದು, ಇನ್ನೊಂದು ತುದಿ ಹಿಡಿದೆ. ಅರ್ಧಕ್ಕರ್ಧ ಹೊಸ್ತಿಲು ಒಳಗೆ ಮಣ್ಣಾಗಿದ್ದವು. ಅವೆಲ್ಲ ನನ್ನ ಪಾಲಿನ ತಪ್ಪು. ಉಳಿದವು ಮಾತ್ರ ನೀವು ಹೇಳಿದ ಹಾಗೇ ಇದ್ದವು. ಒಂದೊಂದು ಎಳೆಯೂ ಹೊಂಬಣ್ಣ. "ಇದರಾಗ ಏನ್ ಮಾಡೂಣ್ರಿ?" ಅಂದ. "ಕೂರೋಕೆ ಏನಾದ್ರೂ ಮಾಡು" ಅಂದೆ.

ನಾವು ಪಾಸಾದೆವು, ರೀ. ಬಸಣ್ಣನ ಕೆಲಸ ಉಳಿಯಿತು. ಇನ್ನು ಮೇಲೆ ಬರುವ ಯಾವ ಹೊಸ್ತಿಲನ್ನೂ ಗೆದ್ದಲಿಗೆ ಕೊಡುವುದಿಲ್ಲ, ಮಾತು ಕೊಟ್ಟೆ. ಮೊನ್ನೆ ಶುಕ್ರವಾರ ದೀಪ ಹಚ್ಚಿ ಬಂದು, ಬಸಣ್ಣ ಆ ಮರದಲ್ಲಿ ಮಾಡಿದ ಬೆಂಚಿನ ಮೇಲೆ ಹೆದರುತ್ತಲೇ ಕೂತೆ. ಬಹಳ ಹೊತ್ತು ಕೂತೇ ಇದ್ದೆ. ಏನೂ ಆಗಲಿಲ್ಲ. ನೀವಿದ್ದಾಗ ಕೂತಿದ್ದರೂ ಏನೂ ಆಗುತ್ತಿರಲಿಲ್ಲ. ಅದನ್ನೇ ತಡೆದುಕೊಳ್ಳಲು ಆಗುತ್ತಿಲ್ಲ.

ನಿಮ್ಮ
ಮನೆಯವಳು